ಇಲಿಯ ಮಿದುಳು ಎಷ್ಟು ಗ್ಲುಕೋಸ್ ಬಳಸುತ್ತಿದೆ? ಪೆಟ್ ಸ್ಕ್ಯಾನೋ, ಗಾಮಾ ಕೌಂಟರೋ: ಕಾಸರಗೋಡಿನ ಸಂಶೋಧಕರಿಗೆ ಹೋಲಿಕೆಯ ಮಾರ್ಗದರ್ಶಿ

ಇಲಿಯ ಮಿದುಳಿನ ಪೆಟ್ (ದೇಹದೊಳಗೆ ಸೇರಿಸಿದ ವಿಕಿರಣವಸ್ತು ಎಲ್ಲಿ ಎಷ್ಟಿದೆಯೆಂದು ತೋರಿಸುವ ಸ್ಕ್ಯಾನ್) ಅಧ್ಯಯನಕ್ಕೆ ಹೊರಟವರು ಮೊದಲು ವಿಚಾರಿಸುವುದು ಸ್ಕ್ಯಾನರ್ ಬಗ್ಗೆ. ಅದಕ್ಕಿಂತ ಮುಂಚೆ ತೀರ್ಮಾನವಾಗಬೇಕಾದ ವಿಷಯ ಒಂದಿದೆ: ಎಫ್‌ಡಿಜಿ, ಅಂದರೆ ವಿಕಿರಣ ಸೂಸುವಂತೆ ಮಾಡಿದ ಗ್ಲುಕೋಸ್, ಚುಚ್ಚಿದ ಮೇಲಿನ ಮುಕ್ಕಾಲು ಗಂಟೆ ಇಲಿ ಎಚ್ಚರವಾಗಿರಬೇಕೋ, ಅರಿವಳಿಕೆಯಲ್ಲಿರಬೇಕೋ? ಚಿತ್ರದಲ್ಲಿ ಕಾಣುವುದು ಆ ಮುಕ್ಕಾಲು ಗಂಟೆಯ ಮಿದುಳು. ಸ್ಕ್ಯಾನರ್ ಮೇಲೆ ಮಲಗಿಸಿದ ಹೊತ್ತಿನ ಮಿದುಳು ಅದರಲ್ಲಿ ಬಹುಮಟ್ಟಿಗೆ ಕಾಣುವುದೇ ಇಲ್ಲ.

ಕಾರಣ ಎಫ್‌ಡಿಜಿಯ ಸ್ವಭಾವದಲ್ಲೇ ಇದೆ. ಗ್ಲುಕೋಸಿನ ಎರಡನೇ ಇಂಗಾಲದ ಮೇಲಿರುವ ಹೈಡ್ರಾಕ್ಸಿಲ್ ಜಾಗದಲ್ಲಿ ಫ್ಲೋರಿನ್-18 ಕೂರಿಸಿದರೆ ಎಫ್‌ಡಿಜಿ. ರಕ್ತ-ಮಿದುಳು ತಡೆಯನ್ನು ಅದು ಗ್ಲುಟ್-1 ಎಂಬ ಸಾಗಣೆ ಪ್ರೋಟೀನ್ ಮೂಲಕ ದಾಟುತ್ತದೆ, ನರಕೋಶದೊಳಗೆ ಗ್ಲುಟ್-3 ಮೂಲಕ ಸೇರುತ್ತದೆ, ಅಲ್ಲಿ ಹೆಕ್ಸೋಕೈನೇಸ್ ಎಂಬ ಕಿಣ್ವ ಅದಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಮುಂದಿನ ಕಿಣ್ವಕ್ಕೆ ಅದನ್ನು ಒಡೆಯಲು ಬರುವುದಿಲ್ಲ, ಹಾಗಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ರಕ್ತದಲ್ಲಿನ ಎಫ್‌ಡಿಜಿ ಬೇಗ ಇಳಿದುಹೋಗುವುದರಿಂದ ಹೆಚ್ಚಿನ ಪಾಲು ಸಿಕ್ಕಿಬೀಳುವುದು ಮೊದಲ ಅರ್ಧ ಗಂಟೆಯಲ್ಲಿ. ಲೂಯಿ ಸೊಕೊಲಾಫ್ ಮತ್ತು ಸಂಗಡಿಗರು 1977ರಲ್ಲಿ ಕಾರ್ಬನ್-14 ಡಿಆಕ್ಸಿಗ್ಲುಕೋಸ್‌ನಿಂದ ಮಿದುಳಿನ ಗ್ಲುಕೋಸ್ ಬಳಕೆಯನ್ನು ಅಳೆಯುವ ವಿಧಾನ ಪ್ರಕಟಿಸಿದ್ದು ಇದೇ ತತ್ತ್ವದ ಮೇಲೆ. ಪೆಟ್‌ನ ಲೆಕ್ಕಾಚಾರ ಇಂದಿಗೂ ಅಲ್ಲಿಂದಲೇ ಬರುತ್ತದೆ.

ಕಾಸರಗೋಡಿನಲ್ಲಿ ಈ ಪ್ರಶ್ನೆ ಹುಟ್ಟುವುದು ಸಹಜ. ಗೇರು ತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ಇದು. ಎಣ್ಮಕಜೆ, ಪಡ್ರೆಯ ಕಡೆಯಿಂದ ಬಂದ ವಿದ್ಯಾರ್ಥಿಗೆ ನರವಿಷದ ಕುರಿತ ಪ್ರಶ್ನೆ ಪಠ್ಯಪುಸ್ತಕದಿಂದ ಬರಬೇಕಾಗಿಲ್ಲ. ಈ ಕೀಟನಾಶಕ ನರಕೋಶಗಳ ಚಟುವಟಿಕೆಯನ್ನು ತಗ್ಗಿಸುವ ಗಾಬಾ-ಎ ಗ್ರಾಹಕವನ್ನು ತಡೆಯುತ್ತದೆ. ಪ್ರಮಾಣ ಹೆಚ್ಚಾದರೆ ಸೆಳೆತ ಬರುತ್ತದೆ. ಇಂಥ ವಿಷವೊಂದು ಮಿದುಳಿನ ಚಯಾಪಚಯಕ್ಕೆ ಏನು ಮಾಡುತ್ತದೆ ಎಂಬುದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮೂರು ದಾರಿಗಳನ್ನು ಹೋಲಿಸೋಣ: ಎಚ್ಚರದಲ್ಲಿ ಹೀರಿಕೊಳ್ಳಲು ಬಿಟ್ಟು ಕೊನೆಗೆ ಮಾಡುವ ಸ್ಥಿರ ಸ್ಕ್ಯಾನ್, ಅರಿವಳಿಕೆಯಲ್ಲಿ ಮೊದಲ ಕ್ಷಣದಿಂದಲೇ ಮಾಡುವ ಡೈನಾಮಿಕ್ ಸ್ಕ್ಯಾನ್, ಮತ್ತು ಸ್ಕ್ಯಾನರ್ ಇಲ್ಲದೆ ಮಿದುಳನ್ನು ಹೊರತೆಗೆದು ಅದರ ವಿಕಿರಣವನ್ನು ಗಾಮಾ ಕೌಂಟರ್ ಯಂತ್ರದಲ್ಲಿ ಎಣಿಸುವುದು. ಇಲ್ಲಿ ಇಲಿ ಎಂದರೆ 25 ಗ್ರಾಂ ತೂಗುವ ಮೌಸ್. 300 ಗ್ರಾಂ ತೂಗುವ ರ್‍ಯಾಟ್‌ಗೆ ಪ್ರಮಾಣಗಳೆಲ್ಲ ಬೇರೆ.

ಎಚ್ಚರದ ಹೀರಿಕೆ, ಸ್ಥಿರ ಸ್ಕ್ಯಾನ್

ಹೆಚ್ಚಿನ ಪ್ರಶ್ನೆಗಳಿಗೆ ಇದೇ ಸರಿಯಾದ ದಾರಿ. ನಮ್ಮ ಉದಾಹರಣೆಗಂತೂ ಬೇರೆ ದಾರಿ ಹಿಡಿದರೆ ಫಲಿತಾಂಶವೇ ಕೆಡುತ್ತದೆ. ಅರಿವಳಿಕೆಗೆ ಬಳಸುವ ಐಸೋಫ್ಲುರೇನ್ ಗಾಬಾ-ಎ ಗ್ರಾಹಕದ ಕೆಲಸವನ್ನು ಹೆಚ್ಚಿಸುತ್ತದೆ, ವಿಷ ಅದೇ ಗ್ರಾಹಕವನ್ನು ತಡೆಯುತ್ತದೆ. ಹೀರಿಕೆಯ ಹೊತ್ತಿನಲ್ಲಿ ಐಸೋಫ್ಲುರೇನ್ ಕೊಟ್ಟರೆ ನೋಡಹೊರಟ ಪರಿಣಾಮವನ್ನೇ ಮುಚ್ಚಿಹಾಕಿದಂತಾಗುತ್ತದೆ. ಅಲ್ಲದೆ ಐಸೋಫ್ಲುರೇನ್ ಕಾರ್ಟೆಕ್ಸ್‌ನ ಗ್ಲುಕೋಸ್ ಬಳಕೆಯನ್ನು ಕಡಿಮೆ ಮಾಡಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ.

ಕ್ರಮ ಹೀಗೆ. ಬೆಳಗ್ಗೆ ಆಹಾರ ತೆಗೆದು 4ರಿಂದ 6 ಗಂಟೆ ಉಪವಾಸ ಇಡಿ, ನೀರು ಇರಲಿ. ರಾತ್ರಿಯಿಡೀ ಉಪವಾಸ ಇಡಬೇಡಿ. ಇಲಿ ತಿನ್ನುವುದೇ ಕತ್ತಲಲ್ಲಿ. ರಾತ್ರಿ ಪೂರ್ತಿ ತಿನ್ನದಿದ್ದರೆ ತೂಕ ಗಣನೀಯವಾಗಿ ಇಳಿಯುತ್ತದೆ, ಕೀಟೋನ್‌ಗಳು ಏರುತ್ತವೆ, ಮಿದುಳು ಗ್ಲುಕೋಸ್ ಬಿಟ್ಟು ಅವನ್ನು ಉರಿಸತೊಡಗುತ್ತದೆ. ಆಗ ಅಳೆಯುವುದು ಹಸಿವಿನ ಮಿದುಳನ್ನು.

ಚುಚ್ಚುವ ಮುಂಚೆ ಒಂದು ಗಂಟೆಯಾದರೂ, ಚುಚ್ಚಿದ ಮೇಲೂ, ಪಂಜರ ಸುಮಾರು 30 ಡಿಗ್ರಿಯಲ್ಲಿರಲಿ. ಪ್ರಾಣಿಗೃಹದ ಎಸಿ 22–24 ಡಿಗ್ರಿಗೆ ಇಟ್ಟಿರುತ್ತಾರೆ. ಅದು ಮನುಷ್ಯರಿಗೆ ಹಿತ, ಇಲಿಗೆ ಚಳಿ. ಚಳಿಯಾದ ಇಲಿಯ ಹೆಗಲ ನಡುವಿನ ಕಂದು ಕೊಬ್ಬು ಎಫ್‌ಡಿಜಿಯನ್ನು ಕುಡಿದುಬಿಡುತ್ತದೆ, ಮಿದುಳಿನ ಪಾಲು ಇಳಿಯುತ್ತದೆ. ಕರಾವಳಿಯ ಸೆಕೆಯನ್ನು ನಂಬಿ ಎಸಿ ಆರಿಸಿಟ್ಟರೆ ಏಪ್ರಿಲಿನ ಉಷ್ಣತೆಯೇ ಬೇರೆ, ಜುಲೈಯದೇ ಬೇರೆ. ಎರಡು ತಂಡದ ಇಲಿಗಳನ್ನು ಹೋಲಿಸಲಾಗುವುದಿಲ್ಲ. ಥರ್ಮೋಸ್ಟಾಟ್ ಇರುವ ಬಿಸಿ ಹಾಸಿಗೆ, ಅದರ ಮೇಲೊಂದು ತಾಪಮಾಪಕ ಇರಲಿ.

ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ಗ್ಲುಕೋಮೀಟರ್‌ನಲ್ಲಿ ಸಕ್ಕರೆ ನೋಡಿ ಬರೆದಿಡಿ. ಇಡೀ ಅಧ್ಯಯನಕ್ಕೆ ಒಂದೇ ಮೀಟರ್, ಸಾಧ್ಯವಾದರೆ ಒಂದೇ ಲಾಟಿನ ಪಟ್ಟಿಗಳು. ಬಾಲವನ್ನು ಬೆಚ್ಚಗೆ ಮಾಡಿ 29 ಅಥವಾ 30 ಗೇಜ್ ಸೂಜಿಯಿಂದ ಪಕ್ಕದ ರಕ್ತನಾಳಕ್ಕೆ 5ರಿಂದ 10 ಮೆಗಾಬೆಕರೆಲ್ (ವಿಕಿರಣದ ಮಾನ) ಎಫ್‌ಡಿಜಿ ಕೊಡಿ, ಗಾತ್ರ 0.1 ಮಿ.ಲೀ. ಆಸುಪಾಸು, ಏನೇ ಆದರೂ 0.2 ಮೀರದಿರಲಿ. ಸಿರಿಂಜಿನಲ್ಲಿರುವ ವಿಕಿರಣವನ್ನು ಚುಚ್ಚುವ ಮೊದಲೂ ನಂತರವೂ ಡೋಸ್ ಕ್ಯಾಲಿಬ್ರೇಟರ್‌ನಲ್ಲಿ ಅಳೆಯಿರಿ. ಸೂಜಿಯ ತುದಿಯಲ್ಲಿ, ರಬ್ಬರಿನ ಸಂದಿಯಲ್ಲಿ ಉಳಿಯುವುದು ಇಷ್ಟು ಸಣ್ಣ ಗಾತ್ರದಲ್ಲಿ ನಗಣ್ಯವಾಗಿರುವುದಿಲ್ಲ.

ಆಮೇಲೆ 45 ನಿಮಿಷ ಇಲಿ ಒಂಟಿಯಾಗಿ, ಸದ್ದಿಲ್ಲದ ಕೋಣೆಯಲ್ಲಿ. ಸೆಳೆತ ಬರಿಸಬಲ್ಲ ವಿಷ ಕೊಟ್ಟಿದ್ದರೆ ಈ ಹೊತ್ತಿನ ವಿಡಿಯೊ ಇಲ್ಲದೆ ಪ್ರಯೋಗ ಮಾಡಲೇಬೇಡಿ. ಸೆಳೆತ ನಡೆಯುತ್ತಿರುವಾಗ ಗ್ಲುಕೋಸ್ ಬಳಕೆ ಏರುತ್ತದೆ, ಸೆಳೆತಗಳ ನಡುವಿನ ಬಿಡುವಿನಲ್ಲಿ ಇಳಿಯಬಹುದು. ಒಂದೇ ಗುಂಪಿನ ಎರಡು ಇಲಿಗಳಲ್ಲಿ ಒಂದು ಮೂರನೇ ನಿಮಿಷಕ್ಕೆ ನಡುಗಿ ಇನ್ನೊಂದು ನಡುಗದೇ ಇದ್ದರೆ ಸರಾಸರಿಗೆ ಅರ್ಥವಿರುವುದಿಲ್ಲ. ಯಾವ ಇಲಿ ಯಾವಾಗ ಏನು ಮಾಡಿತು ಎಂಬುದು ಗೊತ್ತಿದ್ದರೆ ಮಾತ್ರ ಅಂಕಿಗಳನ್ನು ಓದಬಹುದು.

45ನೇ ನಿಮಿಷಕ್ಕೆ ಐಸೋಫ್ಲುರೇನ್: ಮಲಗಿಸಲು 3–4 ಶೇಕಡಾ, ನಂತರ 1.5–2. ತಲೆಯನ್ನು ಹಲ್ಲುಪಟ್ಟಿಯಲ್ಲಿ ಭದ್ರಪಡಿಸಿ 15–20 ನಿಮಿಷ ಪೆಟ್, ಜೊತೆಗೆ ಸಿಟಿ. ಮಿದುಳಿನಲ್ಲಿ ಸಿಕ್ಕಿಬಿದ್ದದ್ದು ಆಗಲೇ ಸಿಕ್ಕಿಬಿದ್ದಿರುವುದರಿಂದ ಈಗಿನ ಅರಿವಳಿಕೆ ಹೆಚ್ಚೇನೂ ಬದಲಿಸದು. ಕೆಟಮಿನ್-ಜೈಲಜಿನ್ ಮಿಶ್ರಣದಿಂದ ದೂರವಿರಿ. ಜೈಲಜಿನ್ ಇನ್ಸುಲಿನ್ ಸ್ರಾವವನ್ನು ತಡೆದು ಸಕ್ಕರೆಯನ್ನು ತೀವ್ರವಾಗಿ ಏರಿಸುತ್ತದೆ, ಏರಿದ ಗ್ಲುಕೋಸ್ ಎಫ್‌ಡಿಜಿಯೊಡನೆ ಅದೇ ಬಾಗಿಲಿಗೆ ಸ್ಪರ್ಧಿಸುತ್ತದೆ.

ಸ್ಕ್ಯಾನ್‌ನಲ್ಲಿ ಬಾಲವೂ ಕಾಣುವಂತಿರಲಿ. ಬಾಲದಲ್ಲಿ ಹೊಳೆಯುವ ಚುಕ್ಕೆ ಕಂಡರೆ ಮದ್ದು ನಾಳದ ಹೊರಗೆ ಸೋರಿದೆ ಎಂದರ್ಥ. ಅದೆಷ್ಟೆಂದು ಅಳೆದು ಡೋಸ್‌ನಿಂದ ಕಳೆಯಿರಿ. ಎಷ್ಟು ಮೀರಿದರೆ ಆ ಇಲಿಯನ್ನು ಬಿಡಬೇಕೆಂಬ ಗೆರೆಯನ್ನು ಮೊದಲೇ ಹಾಕಿಕೊಳ್ಳಿ. ಫಲಿತಾಂಶ ನೋಡಿದ ಮೇಲೆ ಹಾಕಿದ ಗೆರೆಗೆ ಬೆಲೆಯಿಲ್ಲ.

ಚುಚ್ಚುವ ಜಾಗದ ಬಗ್ಗೆಯೂ ಇಲ್ಲೇ ಹೇಳಬೇಕು. ಬಾಲದ ನಾಳ ಸಿಗದವರು ಹೊಟ್ಟೆಯೊಳಗೆ ಕೊಡುತ್ತಾರೆ. ಹೀರಿಕೆ ನಿಧಾನ, ಸೂಜಿ ಕರುಳಿಗೆ ಹೊಕ್ಕರೆ ಗೊತ್ತೇ ಆಗುವುದಿಲ್ಲ. ಆದರೂ ಇಲಿಯನ್ನು ಹಿಡಿದು ಬಿಗಿಯುವ ಒತ್ತಡ ಕಡಿಮೆ, ನಡವಳಿಕೆಯ ಪ್ರಯೋಗಗಳಿಗೆ ಒಪ್ಪಬಹುದು. ಕಣ್ಣಿನ ಹಿಂದೆ ಚುಚ್ಚುವುದನ್ನು ಮಿದುಳಿನ ಅಧ್ಯಯನದಲ್ಲಿ ಒಪ್ಪಲಾಗದು. ಸೋರಿದ್ದೆಲ್ಲ ಮಿದುಳಿಗೆ ಅಂಟಿಕೊಂಡೇ ಉಳಿಯುತ್ತದೆ.

ಡೈನಾಮಿಕ್ ಸ್ಕ್ಯಾನ್: ಕೊಡುವುದು ಹೆಚ್ಚು, ಕೇಳುವುದೂ ಹೆಚ್ಚು

ಮಿದುಳಿನ ಗ್ಲುಕೋಸ್ ಬಳಕೆಯನ್ನು ನಿಮಿಷಕ್ಕೆ 100 ಗ್ರಾಂಗೆ ಇಷ್ಟು ಮೈಕ್ರೋಮೋಲ್ ಎಂದು ಹೇಳಲೇಬೇಕಾದರೆ, ಅಥವಾ ಒಳಬರುವಿಕೆ ಕುಗ್ಗಿದೆಯೋ ಫಾಸ್ಫೇಟ್ ಅಂಟಿಸುವುದು ಕುಗ್ಗಿದೆಯೋ ಎಂದು ಬಿಡಿಸಬೇಕಾದರೆ, ಈ ದಾರಿ. ಇಲಿಯನ್ನು ಮೊದಲೇ ಮಲಗಿಸಿ, ಬಾಲದಲ್ಲಿ ಕ್ಯಾತಿಟರ್ ಕೂರಿಸಿ, ಸ್ಕ್ಯಾನ್ ಶುರುವಾದ ಕೆಲವು ಸೆಕೆಂಡ್ ಬಳಿಕ ಚುಚ್ಚಬೇಕು. 60 ನಿಮಿಷವನ್ನು ಹೀಗೆ ಹಂಚಬಹುದು: 5 ಸೆಕೆಂಡಿನ 12 ಫ್ರೇಮ್, 10 ಸೆಕೆಂಡಿನ 6, 30 ಸೆಕೆಂಡಿನ 6, ಒಂದು ನಿಮಿಷದ 5, ಐದು ನಿಮಿಷದ 10. ಕ್ಯಾತಿಟರ್‌ಗೆ ಜೋಡಿಸುವ ಪಿಇ-10 ಕೊಳವೆಯ ಒಳವ್ಯಾಸ 0.28 ಮಿ.ಮೀ., ಅಂದರೆ 20 ಸೆಂ.ಮೀ. ಉದ್ದದಲ್ಲಿ ಸುಮಾರು 12 ಮೈಕ್ರೋಲೀಟರ್ ನಿಂತಿರುತ್ತದೆ. 30–50 ಮೈಕ್ರೋಲೀಟರ್ ಸಲೈನ್ ಬಿಟ್ಟು ತೊಳೆಯದಿದ್ದರೆ ಡೋಸ್‌ನ ಒಂದು ಪಾಲು ಕೊಳವೆಯಲ್ಲೇ ಉಳಿಯುತ್ತದೆ.

ಕಷ್ಟವಿರುವುದು ರಕ್ತದ ಕಡೆ. ಲೆಕ್ಕಕ್ಕೆ ರಕ್ತದಲ್ಲಿನ ಎಫ್‌ಡಿಜಿ ಕಾಲಕ್ರಮದಲ್ಲಿ ಹೇಗೆ ಇಳಿಯಿತೆಂಬ ಗೆರೆ ಬೇಕು. ಇಡೀ ಇಲಿಯಲ್ಲಿರುವ ರಕ್ತ ಎರಡು ಮಿ.ಲೀ.ಗಿಂತ ಕಡಿಮೆ, ಮತ್ತೆ ಮತ್ತೆ ಮಾದರಿ ತೆಗೆದರೆ ಇಲಿಯ ಶರೀರಕ್ರಿಯೆಯೇ ಬದಲಾಗುತ್ತದೆ. ಹಾಗಾಗಿ ಹೃದಯದ ಎಡ ಕುಹರದ ಚಿತ್ರದಿಂದ ಆ ಗೆರೆಯನ್ನು ತೆಗೆಯುತ್ತಾರೆ. ಕುಹರ ಕೆಲವೇ ಮಿ.ಮೀ., ಸುತ್ತಲಿನ ಹೃದಯ ಸ್ನಾಯು ಹೊತ್ತು ಕಳೆದಂತೆ ಎಫ್‌ಡಿಜಿ ತುಂಬಿಕೊಳ್ಳುತ್ತದೆ, ಆ ಹೊಳಪು ರಕ್ತದ ಮೇಲೆ ಚೆಲ್ಲಿ ಗೆರೆಯ ಬಾಲ ಮೇಲೇಳುತ್ತದೆ. ಕೊನೆಗೆ ಒಂದೆರಡು ಹನಿ ರಕ್ತ ತೆಗೆದು ಗಾಮಾ ಕೌಂಟರ್‌ನಲ್ಲಿ ಎಣಿಸಿ ಆ ಬಾಲವನ್ನು ತಿದ್ದಬೇಕು. ಇಲಿಯ ಕೆಂಪು ರಕ್ತಕಣಕ್ಕೆ ಎಫ್‌ಡಿಜಿ ಮನುಷ್ಯರಲ್ಲಿಯಂತೆ ಥಟ್ಟನೆ ಹೋಗುವುದಿಲ್ಲ; ಆದ್ದರಿಂದ ಇಡೀ ರಕ್ತದ ಎಣಿಕೆಯನ್ನು ಪ್ಲಾಸ್ಮಾಕ್ಕೆ ಬದಲಿಸುವಾಗ ಸಮಯಕ್ಕೆ ತಕ್ಕ ತಿದ್ದುಪಡಿಯೂ ಬೇಕು.

ಇದೆಲ್ಲ ಆದ ಮೇಲೆ ಪಾಟ್ಲಾಕ್ ಗೆರೆಯ (ರಕ್ತದಿಂದ ಮಿದುಳಿಗೆ ಎಫ್‌ಡಿಜಿ ಸೇರುವ ವೇಗ ತೋರಿಸುವ ನಕ್ಷೆಯ) ಇಳಿಜಾರನ್ನು ಪ್ಲಾಸ್ಮಾ ಗ್ಲುಕೋಸ್‌ನಿಂದ ಗುಣಿಸಿ ಲಂಪ್ಡ್ ಕಾನ್‌ಸ್ಟಂಟ್‌ನಿಂದ ಭಾಗಿಸುವುದು. ಎಫ್‌ಡಿಜಿಗೂ ನಿಜವಾದ ಗ್ಲುಕೋಸ್‌ಗೂ ಇರುವ ವ್ಯತ್ಯಾಸವನ್ನು ಹೊಂದಿಸುವ ಸಂಖ್ಯೆ ಅದು, ಸಾಮಾನ್ಯವಾಗಿ ಹಳೆಯ ಅಧ್ಯಯನಗಳಿಂದ ತೆಗೆದುಕೊಂಡದ್ದು. ವಿಷವು ಹೆಕ್ಸೋಕೈನೇಸನ್ನೋ ಗ್ಲುಟ್ ಪ್ರೋಟೀನನ್ನೋ ಬದಲಿಸಿದರೆ ಆ ಸಂಖ್ಯೆಯೂ ಬದಲಾದೀತು. ಹಾಗಾಗಿ ಡೈನಾಮಿಕ್ ಎಂದೊಡನೆ ಹೆಚ್ಚು ನಿಜ ಎಂದು ಭಾವಿಸುವುದು ಸರಿಯಲ್ಲ. ಒಂದು ಸ್ಕ್ಯಾನರ್‌ನಲ್ಲಿ ಇಡೀ ದಿನಕ್ಕೆ ನಾಲ್ಕೈದು ಇಲಿಗಳಷ್ಟೇ ಆಗುತ್ತವೆ ಎಂಬುದನ್ನೂ ಲೆಕ್ಕಕ್ಕೆ ತನ್ನಿ. ನಮ್ಮ ಉದಾಹರಣೆಗೆ ಇದನ್ನು ಆರಿಸಬೇಡಿ.

ಹೊರತೆಗೆದು ಎಣಿಸುವುದು

ಸ್ಕ್ಯಾನರ್ ಸಿಗದವರ ಕೊನೆಯ ಗತಿ ಎಂದು ಇದನ್ನು ನೋಡುವವರಿದ್ದಾರೆ. ಆ ನೋಟ ತಪ್ಪು. ಇಲಿಯ ಮಿದುಳು ಉದ್ದಕ್ಕೆ ಸುಮಾರು ಒಂದೂವರೆ ಸೆಂ.ಮೀ., ಅಗಲಕ್ಕೆ ಒಂದು ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು. ಆಸ್ಪತ್ರೆಯ ಪೆಟ್ ಬಿಡಿಸಿ ತೋರಿಸಬಲ್ಲದ್ದು 4–5 ಮಿ.ಮೀ., ಸಣ್ಣ ಪ್ರಾಣಿಗಳ ಪೆಟ್ 1ರಿಂದ 1.5 ಮಿ.ಮೀ. ಒಂದು ರಚನೆಯ ಗಾತ್ರ ಆ ಅಳತೆಯ ಎರಡು ಮೂರು ಪಟ್ಟು ಇದ್ದರೆ ಮಾತ್ರ ಅದರ ಅಂಕಿಯನ್ನು ನೇರವಾಗಿ ನಂಬಬಹುದು. ಹಿಪ್ಪೋಕ್ಯಾಂಪಸ್‌ಗೆ ಒಳ್ಳೆಯ ಮೈಕ್ರೋಪೆಟ್‌ನಲ್ಲೂ ಇದು ಕಷ್ಟ, ಆಸ್ಪತ್ರೆಯ ಯಂತ್ರದಲ್ಲಿ ಅಸಾಧ್ಯ.

ಅದಕ್ಕೆ ಸೇರಿ ಹಾರ್ಡೀರಿಯನ್ ಗ್ರಂಥಿಯ ಕಾಟ. ಇಲಿಯ ಕಣ್ಣುಗುಡ್ಡೆಯ ಹಿಂದಿರುವ ಈ ಗ್ರಂಥಿ ಎಫ್‌ಡಿಜಿಯನ್ನು ಬಲವಾಗಿ ಹಿಡಿದುಕೊಳ್ಳುತ್ತದೆ. ಅದರ ಹೊಳಪು ಘ್ರಾಣ ಭಾಗದ ಮೇಲೂ ಮುಂಭಾಗದ ಕಾರ್ಟೆಕ್ಸ್ ಮೇಲೂ ಚೆಲ್ಲುತ್ತದೆ. ಆಸ್ಪತ್ರೆಯ ಪೆಟ್‌ನಲ್ಲಿ ಇಲಿಯ ತಲೆ ನೋಡಿದರೆ ಮಿದುಳೂ ಗ್ರಂಥಿಯೂ ಬೆರೆತ ಒಂದೇ ಮುದ್ದೆ ಕಾಣುತ್ತದೆ. ಮುಂಭಾಗದ ಕಾರ್ಟೆಕ್ಸ್‌ನಲ್ಲಿ ಬದಲಾವಣೆ ಕಂಡೆವೆನ್ನುವವರು ಮೊದಲು ಕಣ್ಣಿನ ಕಡೆ ನೋಡಬೇಕು. ಆದ್ದರಿಂದ ಕೈಗೆ ಸಿಗುವುದು ಆಸ್ಪತ್ರೆಯ ಪೆಟ್ ಮಾತ್ರ ಎಂದಾದರೆ, ಅದನ್ನು ಬಿಟ್ಟು ಗಾಮಾ ಕೌಂಟರ್ ಹಿಡಿಯಿರಿ.

ವಿಧಾನ: ಮೊದಲಿನಂತೆಯೇ ಉಪವಾಸ, ಬಿಸಿ, ಎಚ್ಚರದ 45 ನಿಮಿಷ. ಆಮೇಲೆ ನೈತಿಕ ಸಮಿತಿ ಒಪ್ಪಿದ ಕ್ರಮದಲ್ಲಿ ಇಲಿಯನ್ನು ಕೊನೆಗಾಣಿಸಿ, ಮಂಜುಗಡ್ಡೆಯ ಮೇಲೆ ಮಿದುಳನ್ನು ಬಿಡಿಸಿ ಕಾರ್ಟೆಕ್ಸ್, ಹಿಪ್ಪೋಕ್ಯಾಂಪಸ್, ಸ್ಟ್ರಯೇಟಮ್, ಸೆರೆಬೆಲ್ಲಮ್ ಬೇರೆ ಮಾಡಿ, ಮೊದಲೇ ತೂಗಿಟ್ಟ ಟ್ಯೂಬುಗಳಿಗೆ ಹಾಕಿ ಎಣಿಸುವುದು. ಚುಚ್ಚಿದ ದ್ರಾವಣದ ನೂರರಲ್ಲಿ ಒಂದರ, ಸಾವಿರದಲ್ಲಿ ಒಂದರ ದುರ್ಬಲ ಮಾದರಿಗಳನ್ನೂ ಅದೇ ಓಟದಲ್ಲಿ ಎಣಿಸಿದರೆ ಗ್ರಾಂಗೆ ಡೋಸ್‌ನ ಶೇಕಡಾ ಎಷ್ಟು ಎಂಬುದು ಸಿಗುತ್ತದೆ. ಟ್ಯೂಬಿನಲ್ಲಿ ವಿಕಿರಣ ತೀರಾ ಹೆಚ್ಚಿದ್ದರೆ ಕೌಂಟರ್ ಎಣಿಕೆ ತಪ್ಪಿಸುತ್ತದೆ. ಒಂದೆರಡು ಗಂಟೆ ಕಾದು ಮತ್ತೆ ಎಣಿಸಿ, ಎರಡೂ ಉತ್ತರ ಹೊಂದುತ್ತವೆಯೇ ನೋಡಿ. ಹಿಪ್ಪೋಕ್ಯಾಂಪಸ್‌ನ ತೂಕ ಹತ್ತಾರು ಮಿಲಿಗ್ರಾಂ ಅಷ್ಟೇ. ತಕ್ಕಡಿಯ ತಪ್ಪು ನೇರವಾಗಿ ಫಲಿತಾಂಶಕ್ಕೆ ಇಳಿಯುವುದರಿಂದ 0.1 ಮಿ.ಗ್ರಾಂ. ತೋರಿಸುವ ತಕ್ಕಡಿಯೇ ಬೇಕು, ಮಿದುಳು ಒಣಗುವ ಮುಂಚೆ ತೂಗಬೇಕು.

ಇನ್ನೂ ಸೂಕ್ಷ್ಮ ಬೇಕೆಂದರೆ ಆಟೋರೇಡಿಯೋಗ್ರಫಿ, ಅಂದರೆ ಮಿದುಳಿನ ಚೂರುಗಳ ವಿಕಿರಣದಿಂದಲೇ ಚಿತ್ರ ಮೂಡಿಸುವುದು. ಐಸೋಪೆಂಟೇನ್‌ನಲ್ಲಿ ಗಡ್ಡೆಗಟ್ಟಿಸಿದ ಮಿದುಳಿನಿಂದ ಕ್ರಯೋಸ್ಟಾಟ್‌ನಲ್ಲಿ 20 ಮೈಕ್ರೋಮೀಟರ್ ಚೂರುಗಳು, ಫಾಸ್ಫರ್ ಪ್ಲೇಟ್ ಮೇಲೆ ಒಂದು ರಾತ್ರಿ. ಪೆಟ್‌ಗಿಂತ ಹತ್ತು ಪಟ್ಟು ಸೂಕ್ಷ್ಮವಾಗಿ ಕಾಣುತ್ತದೆ. ಕಾರ್ಬನ್-14 ಬಳಸಿದರೆ ಗಡಿಬಿಡಿಯಿಲ್ಲ, ಚಿತ್ರ ಇನ್ನೂ ಚೊಕ್ಕ. ಆದರೆ ಅದರ ಅರ್ಧಾಯು 5,730 ವರ್ಷ, ತ್ಯಾಜ್ಯವನ್ನು ಕಾದು ಮುಗಿಸುವ ಮಾತಿಲ್ಲ.

ಈ ದಾರಿಯ ದೊಡ್ಡ ಕೊರತೆ ಒಂದು: ಒಂದು ಇಲಿಯಿಂದ ಒಂದೇ ಅಳತೆ. ವಿಷ ಕೊಡುವ ಮೊದಲು, ಒಂದು ವಾರಕ್ಕೆ, ಒಂದು ತಿಂಗಳಿಗೆ ಅದೇ ಇಲಿಯನ್ನು ನೋಡಬೇಕಾದರೆ ಪೆಟ್ ಬೇಕೇ ಬೇಕು. ಆಗ ಇಲಿಗಳ ಸಂಖ್ಯೆಯೂ ಕಡಿಮೆ ಸಾಕು.

ಎಫ್‌ಡಿಜಿ ಎಷ್ಟು ದೂರದಿಂದ ಬರಬೇಕು?

ಫ್ಲೋರಿನ್-18ರ ಅರ್ಧಾಯು 110 ನಿಮಿಷ. ಸೈಕ್ಲೋಟ್ರಾನ್‌ನಿಂದ ಎರಡು ಗಂಟೆ ದಾರಿಯಾದರೆ ಉಳಿಯುವುದು 47 ಶೇಕಡಾ, ನಾಲ್ಕು ಗಂಟೆಗೆ 22, ಆರು ಗಂಟೆಗೆ 10. ಮಳೆಗಾಲದಲ್ಲಿ ಹೆದ್ದಾರಿ 66ರ ಮೇಲೆ ವಾಹನ ನಿಂತರೆ ನಾಲ್ಕು ಗಂಟೆ ಆರಾಗುವುದು ದೊಡ್ಡ ಸಂಗತಿಯಲ್ಲ. ಒಟ್ಟು ಪ್ರಮಾಣಕ್ಕಿಂತ ಸಾಂದ್ರತೆಯೇ ಕೈಕೊಡುತ್ತದೆ. ಬಾಟಲಿ ಕೈಗೆ ಬಂದಾಗ ಮಿ.ಲೀ.ಗೆ 74 ಮೆಗಾಬೆಕರೆಲ್ ಇದ್ದರೆ 8 ಮೆಗಾಬೆಕರೆಲ್‌ಗೆ 0.11 ಮಿ.ಲೀ. ಸಾಕು. ಎರಡು ಗಂಟೆಯ ನಂತರದ ಇಲಿಗೆ ಅಷ್ಟೇ ಕೊಡಲು 0.23 ಮಿ.ಲೀ. ಬೇಕು, ಮಿತಿ ದಾಟಿತು. ಆದ್ದರಿಂದ ಆರ್ಡರ್ ಕೊಡುವಾಗ ಸಾಂದ್ರತೆಯನ್ನು ಕೊನೆಯ ಇಲಿಯ ಗಂಟೆಗೆ ಲೆಕ್ಕ ಹಾಕಿ ಕೇಳಿ. ನಿಯಂತ್ರಣ ಗುಂಪನ್ನು ಮೊದಲು ಮುಗಿಸಿ ವಿಷದ ಗುಂಪನ್ನು ಆಮೇಲೆ ಮಾಡಬೇಡಿ. ಇಲಿಗಳನ್ನು ಕಲಸಿ ಚೀಟಿ ಎತ್ತಿ ಸರದಿ ಗೊತ್ತುಮಾಡಿ.

ಇಲಿಗಳನ್ನೇ ಸ್ಕ್ಯಾನರ್ ಇರುವಲ್ಲಿಗೆ ಒಯ್ಯುವುದೂ ಒಂದು ಆಯ್ಕೆ. ಆದರೆ ಹಿಂದಿನ ದಿನ ತಲುಪಿಸಿ ಮರುದಿನ ಚುಚ್ಚಿದರೆ ಅಳೆಯುವುದು ಪ್ರಯಾಣದ ಒತ್ತಡವನ್ನು. ಕನಿಷ್ಠ ಒಂದು ವಾರ ಅಲ್ಲಿ ಒಗ್ಗಲು ಬಿಡಬೇಕು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಜೀವವಿಜ್ಞಾನ ಮಾಡುವವರು ಹೊರಗಿನ ಪೆಟ್ ಕೇಂದ್ರದೊಡನೆ ಕೈಜೋಡಿಸುವುದಾದರೆ, ವಿಷ ಕೊಡುವ ಹಂತವನ್ನೂ ಆ ಕೇಂದ್ರದ ಪ್ರಾಣಿಗೃಹದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಅಂಕಿಯನ್ನು ಯಾವುದರಿಂದ ಭಾಗಿಸಬೇಕು?

ಒಳ್ಳೆಯ ಪ್ರಯೋಗ ಹೆಚ್ಚಾಗಿ ಕೆಡುವುದು ಇಲ್ಲಿ. ಎಸ್‌ಯುವಿ ಎಂದರೆ ಅಂಗಾಂಶದ ಸಾಂದ್ರತೆಯನ್ನು ಗ್ರಾಂ ತೂಕಕ್ಕೆ ಸಿಕ್ಕ ಡೋಸ್‌ನಿಂದ ಭಾಗಿಸಿದ್ದು. 25 ಗ್ರಾಂ ಇಲಿಗೆ 8 ಮೆಗಾಬೆಕರೆಲ್, ಅಂದರೆ ಗ್ರಾಂಗೆ 320 ಕಿಲೋಬೆಕರೆಲ್. ಮಿದುಳಿನಲ್ಲಿ ಮಿ.ಲೀ.ಗೆ 640 ಕಂಡರೆ ಎಸ್‌ಯುವಿ 2. ಈ ಇಲಿಯ ರಕ್ತದ ಸಕ್ಕರೆ 100, ಇನ್ನೊಂದರ ಎಸ್‌ಯುವಿ 1.4 ಮತ್ತು ಸಕ್ಕರೆ 180 ಎಂದಿಟ್ಟುಕೊಳ್ಳಿ. ಸಕ್ಕರೆಗೆ ಹೊಂದಿಸಿದರೆ ಎರಡನೆಯದು 2.52 ಆಗುತ್ತದೆ, ಕಡಿಮೆ ಎಂದುಕೊಂಡದ್ದು ಹೆಚ್ಚಾಗಿ ತಿರುಗಿತು. ಈ ಹೊಂದಿಕೆಯೂ ಪರಿಪೂರ್ಣವಲ್ಲದ್ದರಿಂದ ಎರಡೂ ಅಂಕಿಗಳನ್ನು ವರದಿಯಲ್ಲಿ ಕೊಡಿ.

ಅಂಕಿಗಳ ಏರುಪೇರು ತಗ್ಗಿಸಲು ಹಲವರು ಸೆರೆಬೆಲ್ಲಮ್‌ನಿಂದಲೋ ಇಡೀ ಮಿದುಳಿನ ಸರಾಸರಿಯಿಂದಲೋ ಭಾಗಿಸುತ್ತಾರೆ. ರೋಗ ಒಂದೇ ಕಡೆ ಇದ್ದರೆ ಸರಿ. ಗಾಬಾ ತಡೆಯುವ ವಿಷ ಸೆರೆಬೆಲ್ಲಮ್ ಸಹಿತ ಎಲ್ಲ ಕಡೆ ಮುಟ್ಟುತ್ತದೆ. ಎಲ್ಲೆಡೆ 20 ಶೇಕಡಾ ಇಳಿದರೆ ಅನುಪಾತ ಏನೂ ಆಗಿಲ್ಲವೆನ್ನುತ್ತದೆ. ಕಡಿಮೆ ಇಳಿದ ಭಾಗ ಏರಿದಂತೆ ಕಾಣುತ್ತದೆ. ವಿಷದ ಅಧ್ಯಯನದಲ್ಲಿ ಅನುಪಾತ ಒಂದನ್ನೇ ಕೊಟ್ಟ ವರದಿಯನ್ನು ನಾವು ನಂಬುವುದಿಲ್ಲ.

ಏರಿಕೆ ಕಂಡಾಗಲೂ ಅದು ನರಕೋಶದ್ದೇ ಎನ್ನಲು ಅವಸರ ಬೇಡ. ಆಸ್ಟ್ರೋಸೈಟ್, ಮೈಕ್ರೋಗ್ಲಿಯಾಗಳೂ ಎಫ್‌ಡಿಜಿ ಹಿಡಿಯುತ್ತವೆ, ಉರಿಯೂತದಲ್ಲಿ ಮೈಕ್ರೋಗ್ಲಿಯಾಗಳ ಪಾಲು ಏರುತ್ತದೆ. ಸ್ಕ್ಯಾನ್ ಮುಗಿದ ಇಲಿಗಳ ಮಿದುಳಿನ ಚೂರುಗಳನ್ನು ಬಣ್ಣಹಾಕಿ ನೋಡಲು ಇಟ್ಟುಕೊಳ್ಳಿ.

ಡೋಸ್ ಕ್ಯಾಲಿಬ್ರೇಟರ್, ಗಾಮಾ ಕೌಂಟರ್, ಸ್ಕ್ಯಾನರ್, ಗೋಡೆ ಗಡಿಯಾರ, ಇವೆಲ್ಲ ಒಂದೇ ಸಮಯ ತೋರಿಸಬೇಕು. ಐದು ನಿಮಿಷದ ವ್ಯತ್ಯಾಸಕ್ಕೆ 3 ಶೇಕಡಾ ತಪ್ಪು, ಅದೂ ಎಲ್ಲ ಇಲಿಗಳಲ್ಲಿ ಒಂದೇ ದಿಕ್ಕಿಗೆ.

ಅನುಮತಿಗಳನ್ನು ಆರಂಭದಲ್ಲೇ ಹಿಡಿಯಿರಿ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಫಾರ್ಮ್ ಬಿ, ವಿಕಿರಣ ಬಳಕೆಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಇ-ಲೋರಾ ಜಾಲತಾಣದ ಮೂಲಕ ಒಪ್ಪಿಗೆ, ಹೆಸರಿಸಿದ ವಿಕಿರಣ ಸುರಕ್ಷತಾ ಅಧಿಕಾರಿ. ಎರಡನೆಯದಕ್ಕೇ ಹೆಚ್ಚು ಸಮಯ ಹಿಡಿಯುವುದು, ಅದನ್ನು ಮೊದಲು ಶುರುಮಾಡಿ. ಎಚ್ಚರದ ಇಲಿಗಳು ಎಫ್‌ಡಿಜಿಯನ್ನು ಮೂತ್ರದಲ್ಲಿ ಬಿಡುವುದರಿಂದ ಪಂಜರದ ಹೊಟ್ಟೂ ವಿಕಿರಣ ತ್ಯಾಜ್ಯವೇ. ಹೊಟ್ಟು, ಕೈಗವಸು, ಸತ್ತ ಇಲಿ, ಎಲ್ಲವನ್ನೂ ಸೀಸದ ಹಿಂದೆ ದಿನಾಂಕ ಬರೆದಿಟ್ಟು ಹತ್ತು ಅರ್ಧಾಯು, ಅಂದರೆ ಹದಿನೆಂಟೂವರೆ ಗಂಟೆಗೆ ಕಡಿಮೆಯಾಗದಂತೆ ಬಿಡಿ, ಮರುದಿನ ಸರ್ವೇ ಮೀಟರ್‌ನಲ್ಲಿ ನೋಡಿ, ಹಿನ್ನೆಲೆ ಮಟ್ಟಕ್ಕೆ ಇಳಿದಿದ್ದರೆ ಜೈವಿಕ ತ್ಯಾಜ್ಯಕ್ಕೆ ಕಳಿಸಿ.